ಬೆಂಕಿ ಬೀಳುವ ಮುನ್ನವೇ ತಂಡ ಕಟ್ಟಿ

2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ಹೊತ್ತಿ ಉರಿದಾಗ ಎಲ್ಲೆಲ್ಲಿಂದಲೋ ಸ್ವಯಂಸೇವಕರು ಓಡಿ ಬಂದರು. ಆ ಕಳಕಳಿ ದೊಡ್ಡದು. ಆದರೆ ಬೆಂಕಿಯ ಮುಂದೆ ಮೊದಲ ಸಲ ಮುಖ ನೋಡಿಕೊಂಡವರು ತಂಡವಾಗುವುದಿಲ್ಲ. ಕಾಡಿಗಾಗಿ ತಂಡ ಕಟ್ಟುವ ಮನಸ್ಸಿದ್ದರೆ, ಬೇಸಿಗೆಗೆ ಮೊದಲೇ ಅರಣ್ಯ ಇಲಾಖೆಯವರ ಜೊತೆ ಬೆಂಕಿ ಹರಡದಂತೆ ಒಣಹುಲ್ಲು, ಪೊದೆ ಸವರಿ ಬೆಂಕಿ ರೇಖೆ ಮಾಡುವ ಕೆಲಸಕ್ಕೆ ಹೋಗಿ. ಯಾರೂ ಹೊಗಳದ ಆ ಬೇಸರದ ಕೆಲಸದಲ್ಲೇ ಯಾರು ಎಂಥವರೆಂದು ತಿಳಿಯುತ್ತದೆ.

ಕಾಡಿನೊಳಗೆ ನಡೆಯಬೇಕಾದದ್ದು ಇಲಾಖೆಯ ಸ್ಥಳೀಯ ವಾಚರ್‌ಗಳ ಮಾತು. ನೀವು ಎಷ್ಟೇ ಓದಿದವರಾಗಿರಿ, “ಗಾಳಿ ತಿರುಗುತ್ತಿದೆ, ಹಿಂದೆ ಸರಿಯಿರಿ” ಎಂದು ಅವರು ಹೇಳಿದರೆ ಸರಿಯಬೇಕು. 2017ರಲ್ಲಿ ಇದೇ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ತೀರಿಕೊಂಡರು. ಒಣಗಿದ ಲಂಟಾನ ಪೊದೆ ಹೊತ್ತಿಕೊಂಡರೆ ಅನುಭವಸ್ಥರಿಗೂ ದಾರಿ ಸಿಗದು. ಹಾಗಾಗಿ, “ದಣಿದಿದ್ದೇನೆ, ಇನ್ನು ನನ್ನಿಂದಾಗದು” ಎನ್ನುವ ಹುಡುಗನನ್ನು ದಯವಿಟ್ಟು ಹಂಗಿಸಬೇಡಿ. ನಿಜ ಹೇಳುವಷ್ಟು ಅವನು ನಿಮ್ಮನ್ನು ನಂಬಿದ್ದಾನೆ. ಒಳಹೋಗುವಾಗ ತಲೆ ಎಣಿಸಿ, ಹೊರಬಂದ ಮೇಲೆ ಮತ್ತೆ ಎಣಿಸಿ. ಫೋಟೊ ಆಮೇಲಾಗಲಿ, ಆಗದಿದ್ದರೂ ನಡೆಯುತ್ತದೆ.

ರಾತ್ರಿ ಊಟಕ್ಕೆ ಕೂತಾಗ, ಇವತ್ತು ಎಲ್ಲಿ ಎಡವಿದೆವು ಎಂಬುದನ್ನು ಮೊದಲು ಹಿರಿಯರೇ ಬಾಯಿಬಿಟ್ಟು ಹೇಳಲಿ. ಆಗ ಹೊಸಬರಿಗೂ ಮಾತಾಡುವ ಧೈರ್ಯ ಬರುತ್ತದೆ.