ಮಲ್ಪೆಯ ಕಲ್ಲುಕಂಬಗಳೂ ಚಂದ್ರದ್ರೋಣದ ಬೆಟ್ಟಗಳೂ

ಕಡೂರು, ತರೀಕೆರೆ, ಅಜ್ಜಂಪುರಗಳ ಶಾಲೆ ಕಾಲೇಜುಗಳಿಂದ ಪ್ರವಾಸ ಹೊರಡುವ ವಿದ್ಯಾರ್ಥಿಗಳಿಗೆ ಕರಾವಳಿಯೆಂದರೆ ಬಲು ಪ್ರೀತಿ. ಉಡುಪಿಗೆ ಹೋದವರು ಮಲ್ಪೆಗೆ ಹೋಗುವರು. ಮಲ್ಪೆಯಿಂದ ದೋಣಿಯೇರಿ ಸೇಂಟ್ ಮೇರಿ ದ್ವೀಪವನ್ನು ಸೇರುವರು. ಅಲ್ಲಿ ತೆರೆಗಳಲ್ಲಿ ಕಾಲು ತೋಯಿಸಿ, ಚಿಪ್ಪುಗಳನ್ನು ಆಯ್ದು, ಭಾವಚಿತ್ರ ತೆಗೆಸಿಕೊಂಡು ಹಿಂದಿರುಗುವರು. ತಾವು ಕುಳಿತು ಬುತ್ತಿ ಬಿಚ್ಚಿದ ಬಂಡೆಯು ಒಂದಾನೊಂದು ಕಾಲದಲ್ಲಿ ಬೆಂಕಿಯ ಪ್ರವಾಹವಾಗಿದ್ದಿತೆಂಬುದು ಅವರಲ್ಲಿ ಅನೇಕರಿಗೆ ತಿಳಿಯದೆಯೇ ಹೋಗುವುದು. ಮರಳಿನ ತೀರಗಳು ನಮ್ಮ ನಾಡಿನಲ್ಲಿ ಎಷ್ಟೋ ಇವೆ. ಆದರೆ ಈ ಬಂಡೆಗಳಂಥವು ವಿರಳ. ಇವುಗಳನ್ನು ಓದುವ ಬಗೆ ಹೇಗೆ? ಆ ಓದಿಗೆ ಬೇಕಾದ ಮೊದಲ ಪಾಠಗಳು ಮನೆಯ ಬಳಿಯ ಹೊಲದಲ್ಲಿಯೂ ಬೆಟ್ಟದಲ್ಲಿಯೂ ದೊರೆಯುವುದು ಹೇಗೆ? ಈ ಎರಡು ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸೋಣ.

ದ್ವೀಪಗಳ ಪರಿಚಯ

ಮಲ್ಪೆಯ ಬಂದರಿನಿಂದ ಪಡುವಣಕ್ಕೆ ಸುಮಾರು ೬ ಕಿಲೋಮೀಟರ್ ದೂರದಲ್ಲಿ, ಉತ್ತರ ದಕ್ಷಿಣವಾಗಿ ಸಾಲುಗೊಂಡಿರುವ ಪುಟ್ಟ ದ್ವೀಪಗಳ ಗುಂಪೇ ಸೇಂಟ್ ಮೇರಿ ದ್ವೀಪಗಳು. ಇವುಗಳಲ್ಲಿ ಮುಖ್ಯವಾದುವು ನಾಲ್ಕು. ಪ್ರವಾಸಿಗರು ಹೋಗುವುದು ತೆಂಗಿನ ದ್ವೀಪಕ್ಕೆ. ಅದರ ಉದ್ದ ಸುಮಾರು ೫೦೦ ಮೀಟರ್, ಅಗಲ ಸುಮಾರು ೧೦೦ ಮೀಟರ್. ಅತ್ಯುನ್ನತ ಭಾಗವೂ ಸಮುದ್ರಮಟ್ಟಕ್ಕಿಂತ ಸುಮಾರು ೧೦ ಮೀಟರಿನಷ್ಟೇ ಎತ್ತರ. ದರಿಯಾ ಬಹದ್ದೂರಗಡವೆಂಬ ಇನ್ನೊಂದು ದ್ವೀಪದಲ್ಲಿ ಕೆಳದಿಯ ಬಸಪ್ಪ ನಾಯಕನು ಕೋಟೆ ಕಟ್ಟಿಸಿದನೆಂದು ಹೇಳುವರು. ೧೪೯೮ರಲ್ಲಿ ಈ ತೀರಕ್ಕೆ ಬಂದ ವಾಸ್ಕೋ ಡ ಗಾಮನು ಇಲ್ಲಿ ಒಂದು ಶಿಲುಬೆಯನ್ನು ನೆಟ್ಟು ಮೇರಿ ಮಾತೆಯ ಹೆಸರಿಟ್ಟನೆಂಬ ಪ್ರತೀತಿಯಿಂದ ದ್ವೀಪಗಳಿಗೆ ಈಗಿನ ಹೆಸರು ಬಂದಿದೆ. ಆದರೆ ಅವುಗಳ ನಿಜವಾದ ಚರಿತ್ರೆ ನಾವಿಕರ ಕಾಲಕ್ಕಿಂತ ಬಹು ಹಿಂದಿನದು.

ತೆಂಗಿನ ದ್ವೀಪದಲ್ಲಿ ನೆಲದಿಂದ ಎದ್ದುನಿಂತ ಕಲ್ಲಿನ ಕಂಬಗಳು ಒತ್ತೊತ್ತಾಗಿ ಜೋಡಿಸಿಟ್ಟಂತೆ ಕಾಣುತ್ತವೆ. ಅತಿ ಎತ್ತರದ ಕಂಬ ಸುಮಾರು ೬ ಮೀಟರ್ ಇದೆ. ಕೆಲವಕ್ಕೆ ನಾಲ್ಕು ಮುಖ, ಕೆಲವಕ್ಕೆ ಐದು, ಅನೇಕಕ್ಕೆ ಆರು, ಅಲ್ಲೊಂದು ಇಲ್ಲೊಂದಕ್ಕೆ ಏಳು. ಮೇಲಿನಿಂದ ನೋಡಿದರೆ ಜೇನುಹುಟ್ಟಿನ ಕೋಣೆಗಳ ನೆನಪಾಗುವುದು. ಯಾವ ಶಿಲ್ಪಿಯ ಉಳಿಯೂ ಮುಟ್ಟದೆ ಇಂಥ ಆಕಾರ ಬಂದುದು ಹೇಗೆ?

ಎರೆಯ ಹೊಲ ಕಲಿಸುವ ಪಾಠ

ಉತ್ತರಕ್ಕಾಗಿ ಅಜ್ಜಂಪುರದ ಸುತ್ತಲಿನ ಎರೆಯ ಹೊಲಕ್ಕೆ ಬೇಸಗೆಯಲ್ಲಿ ಹೋಗಬೇಕು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿದ ಕಪ್ಪುಮಣ್ಣು ಬಿಸಿಲಿಗೆ ಒಣಗಿದಂತೆ ಕುಗ್ಗುವುದು. ಮೇಲ್ಪದರ ಎಲ್ಲ ಕಡೆಯೂ ಒಟ್ಟಿಗೆ ಕುಗ್ಗಲು ಯತ್ನಿಸುವುದು. ಆದರೆ ಕೆಳಗಿನ ಮಣ್ಣು ಅದನ್ನು ಬಿಡದೆ ಹಿಡಿದಿರುವುದು. ಈ ಎಳೆದಾಟ ಮಣ್ಣಿನ ತಾಳಿಕೆಯನ್ನು ಮೀರಿದಾಗ ನೆಲ ಬಿರಿಯುವುದು. ಬಿರುಕುಗಳು ಒಂದನ್ನೊಂದು ಸಂಧಿಸಿ ನೆಲವು ಹಲವು ಮೂಲೆಗಳ ಹೆಂಟೆಗಳಾಗಿ ಒಡೆಯುವುದು. ನೀರು ಬತ್ತಿದ ಕೆರೆಯಂಗಳದಲ್ಲಿಯೂ ಇದೇ ದೃಶ್ಯ.

ಶಿಲಾರಸವೂ ಹೀಗೆಯೇ ಬಿರಿಯುವುದು. ಮಣ್ಣು ನೀರನ್ನು ಕಳೆದುಕೊಂಡು ಕುಗ್ಗಿದರೆ, ಶಿಲಾರಸ ಉಷ್ಣವನ್ನು ಕಳೆದುಕೊಂಡು ಕುಗ್ಗುವುದು, ವ್ಯತ್ಯಾಸವಿಷ್ಟೇ. ಭೂಮಿಯ ಮೇಲೆ ಹರಿದು ನಿಂತ ಶಿಲಾರಸದ ಮೇಲ್ಮೈ ಮೊದಲು ತಣಿದು ಗಟ್ಟಿಯಾಗಿ ಬಿರುಕು ಬಿಡುವುದು. ತಂಪು ಒಳಕ್ಕೆ ಇಳಿದಂತೆಲ್ಲ ಬಿರುಕುಗಳೂ ಅದನ್ನು ಹಿಂಬಾಲಿಸಿ ಆಳಕ್ಕೆ ಇಳಿಯುತ್ತವೆ. ಹೀಗೆ ಮೇಲಿನ ಹೆಂಟೆಯ ಆಕಾರವೇ ಕೆಳಗೆ ಬೆಳೆದು ಕಂಬವಾಗುವುದು. ಬಿರುಕು ಸದಾ ತಣಿಯುವ ಮೇಲ್ಮೈಗೆ ಲಂಬವಾಗಿ ಸಾಗುವುದರಿಂದ, ಸಮತಲವಾಗಿ ನಿಂತ ಶಿಲಾರಸದಲ್ಲಿ ಕಂಬಗಳು ನೆಟ್ಟಗೆ ನಿಲ್ಲುತ್ತವೆ. ತಣಿಯುವ ಮೇಲ್ಮೈ ಇಳಿಜಾರಾಗಿದ್ದರೆ ಕಂಬಗಳೂ ಓರೆಯಾಗುತ್ತವೆ. ನಿಧಾನವಾಗಿ ತಣಿದಲ್ಲಿ ಕಂಬ ದಪ್ಪ, ಬೇಗ ತಣಿದಲ್ಲಿ ತೆಳ್ಳಗೆ.

ಆರು ಮುಖಗಳೇ ಏಕೆ ಹೆಚ್ಚು? ಇದಕ್ಕೆ ರೇಖಾಗಣಿತ ನೆರವಾಗುವುದು. ನಡುವೆ ಸಂದಿಲ್ಲದಂತೆ ನೆಲವನ್ನು ಮುಚ್ಚಬಲ್ಲ ಸಮಭುಜ, ಸಮಕೋನದ ಆಕೃತಿಗಳು ಮೂರೇ: ತ್ರಿಕೋನ, ಚೌಕ, ಷಟ್ಕೋನ. ಒಂದು ಚದರ ಮೀಟರ್ ಕ್ಷೇತ್ರವನ್ನು ಆವರಿಸಲು ತ್ರಿಕೋನಕ್ಕೆ ೪.೫೬ ಮೀಟರ್ ಸುತ್ತಳತೆ ಬೇಕು, ಚೌಕಕ್ಕೆ ೪ ಮೀಟರ್, ಷಟ್ಕೋನಕ್ಕೆ ೩.೭೨ ಮೀಟರ್ ಮಾತ್ರ. ಅತಿ ಕಡಿಮೆ ಬಿರುಕಿನಿಂದ ಎಳೆತವನ್ನು ಕಳೆದುಕೊಳ್ಳುವ ದಾರಿ ಷಟ್ಕೋನವೇ.

ಹಾಗಾದರೆ ಎರೆಯ ಹೊಲದಲ್ಲಿ ಒಪ್ಪವಾದ ಷಟ್ಕೋನಗಳು ಏಕೆ ಕಾಣುವುದಿಲ್ಲ? ಮಣ್ಣಿನಲ್ಲಿ ಒಂದು ಬಿರುಕು ಮೊದಲು ಮೂಡಿ, ಇನ್ನೊಂದು ಆಮೇಲೆ ಬಂದು ಅದಕ್ಕೆ ಹೆಚ್ಚುಕಡಿಮೆ ಲಂಬವಾಗಿ ತಾಗುವುದೇ ಸಾಮಾನ್ಯ. ಶಿಲಾರಸದಲ್ಲಿಯೂ ಮೇಲ್ಭಾಗದ ಬಿರುಕುಗಳು ಹೀಗೆಯೇ ಅಸ್ತವ್ಯಸ್ತವಾಗಿರುತ್ತವೆ. ಆದರೆ ಅವು ಒಮ್ಮೆಲೇ ಇಳಿಯದೆ ಹಂತಹಂತವಾಗಿ ಇಳಿಯುವುದರಿಂದ, ಪ್ರತಿಯೊಂದು ಹಂತದಲ್ಲಿಯೂ ತಮ್ಮ ಸ್ಥಾನವನ್ನು ಸ್ವಲ್ಪ ಸ್ವಲ್ಪವಾಗಿ ತಿದ್ದಿಕೊಂಡು, ಕೊನೆಗೆ ಮೂರು ಬಿರುಕುಗಳು ೧೨೦ ಅಂಶಗಳ ಕೋನದಲ್ಲಿ ಕೂಡುವ ಸ್ಥಿತಿಗೆ ಬರುತ್ತವೆ. ತಿದ್ದುಪಡಿ ಪೂರ್ಣವಾಗದ ಕಡೆ ಐದು, ಏಳು ಮುಖಗಳ ಕಂಬಗಳು ಉಳಿಯುತ್ತವೆ. ಉತ್ತರ ಐರ್ಲೆಂಡಿನ ‘ಜೈಂಟ್ಸ್ ಕಾಸ್‌ವೇ’ ಎಂಬಲ್ಲಿನ ಸುಮಾರು ೪೦,೦೦೦ ಕಂಬಗಳು ಮೂಡಿದುದೂ ಈ ನಿಯಮದಂತೆಯೇ.

ಬೇರೆಯಾದ ಎರಡು ನೆಲಗಳು

ದ್ವೀಪದ ಕಲ್ಲನ್ನು ಬಸಾಲ್ಟ್ ಎಂದು ಕರೆಯುವ ವಾಡಿಕೆಯುಂಟು. ಆದರೆ ಪರೀಕ್ಷೆಯಿಂದ ಅದರಲ್ಲಿ ಸಿಲಿಕಾಂಶ ಬಸಾಲ್ಟಿನಲ್ಲಿರುವುದಕ್ಕಿಂತ ಬಹಳ ಹೆಚ್ಚೆಂದು ತಿಳಿದುಬಂದಿದೆ. ಅದು ರಯೊಲೈಟ್ ಮತ್ತು ಡೇಸೈಟ್ ವರ್ಗದ ಶಿಲೆ. ಇದನ್ನು ಉತ್ತರ ಕರ್ನಾಟಕ ಮಹಾರಾಷ್ಟ್ರಗಳನ್ನು ಹೊದ್ದ ದಖ್ಖನಿನ ಲಾವಾ ಹಾಸಿಗೆಯ ತುಣುಕೆಂದು ಭಾವಿಸುವುದೂ ಸರಿಯಲ್ಲ. ದಖ್ಖನಿನ ಲಾವಾ ಹರಿದುದು ಸುಮಾರು ೬.೬ ಕೋಟಿ ವರ್ಷಗಳ ಹಿಂದೆ. ದ್ವೀಪದ ಶಿಲೆಗೆ ಸುಮಾರು ೮.೫ರಿಂದ ೯ ಕೋಟಿ ವರ್ಷ.

ಇಷ್ಟು ದೀರ್ಘವಾದ ಕಾಲವನ್ನು ಅಳೆಯುವ ಗಡಿಯಾರ ಕಲ್ಲಿನೊಳಗೇ ಇದೆ. ಶಿಲೆಯಲ್ಲಿರುವ ಪೊಟ್ಯಾಸಿಯಂ ಧಾತುವಿನ ಒಂದು ಅಲ್ಪಭಾಗ ವಿಕಿರಣಶೀಲವಾದುದು. ಅದು ೧೨೫ ಕೋಟಿ ವರ್ಷಗಳಲ್ಲಿ ಅರ್ಧಕ್ಕಿಳಿಯುವುದು. ಹಾಗೆ ಕ್ಷಯಿಸುವಾಗ ಸ್ವಲ್ಪಾಂಶ ಆರ್ಗಾನ್ ಅನಿಲವಾಗುವುದು. ಕರಗಿದ ಶಿಲಾರಸದಿಂದ ಆರ್ಗಾನ್ ಹೊರಗೆ ಹೋಗಿಬಿಡುವುದು. ಕಲ್ಲು ಗಟ್ಟಿಯಾದ ಮೇಲೆ ಒಳಗೇ ಸಿಕ್ಕಿಕೊಳ್ಳುವುದು. ಸಿಕ್ಕಿಕೊಂಡ ಆರ್ಗಾನನ್ನೂ ಉಳಿದ ಪೊಟ್ಯಾಸಿಯಮನ್ನೂ ಅಳೆದರೆ ಕಲ್ಲು ಹುಟ್ಟಿದ ಕಾಲ ತಿಳಿಯುವುದು.

ಈ ಕಾಲ ದೊರೆತಾಗ ಒಂದು ದೊಡ್ಡ ಸಂಬಂಧ ಬೆಳಕಿಗೆ ಬಂದಿತು. ಇಂದು ಮಲ್ಪೆಯಿಂದ ಸುಮಾರು ೪,೦೦೦ ಕಿಲೋಮೀಟರ್ ನೈರುತ್ಯದಲ್ಲಿರುವ ಮಡಗಾಸ್ಕರ್ ದ್ವೀಪದ ಲಾವಾಶಿಲೆಗಳ ವಯಸ್ಸೂ ಹೆಚ್ಚುಕಡಿಮೆ ಇಷ್ಟೇ! ಆ ಯುಗದಲ್ಲಿ ಭಾರತವೂ ಮಡಗಾಸ್ಕರವೂ ಒಂದಕ್ಕೊಂದು ಅಂಟಿಕೊಂಡಿದ್ದುವು. ಭೂಮಿಯ ಆಳದಿಂದ ಮೇಲೆದ್ದ ಉಷ್ಣದಿಂದ ನೆಲ ಹಿಗ್ಗಿ, ಸೀಳಿ, ಸೀಳಿನ ಎರಡು ಬದಿಗಳಲ್ಲಿಯೂ ಶಿಲಾರಸ ಉಕ್ಕಿತು, ನೆಲಗಳೆರಡೂ ಬೇರೆಯಾದುವು. ನಡುವೆ ಸಮುದ್ರ ನುಗ್ಗಿತು. ಆದುದರಿಂದ ತೆಂಗಿನ ದ್ವೀಪದ ಕಂಬಗಳು ಒಂದು ಅಗಲಿಕೆಯ ಗುರುತು. ನಮ್ಮ ಪಶ್ಚಿಮ ಕರಾವಳಿಯ ಚರಿತ್ರೆ ಇಂಥ ಅಗಲಿಕೆಗಳಿಂದಲೇ ಆರಂಭವಾಗುವುದು.

ಮನೆಯ ಬಳಿಯ ಪ್ರಾಚೀನ ಲಾವಾ

ಈಗ ದೃಷ್ಟಿಯನ್ನು ನಮ್ಮ ಬೆಟ್ಟಗಳ ಕಡೆಗೆ ತಿರುಗಿಸೋಣ. ಬಾಬಾಬುಡನ್ ಗಿರಿಶ್ರೇಣಿಯು ಕುದುರೆಯ ಲಾಳದಂತೆ ಬಾಗಿದೆ. ಬಾಲಚಂದ್ರನ ಈ ಆಕಾರದಿಂದಲೇ ಅದಕ್ಕೆ ಚಂದ್ರದ್ರೋಣವೆಂಬ ಹೆಸರು ಬಂದಿತೆನ್ನುವರು. ಅಗ್ನಿಪರ್ವತಗಳ ವಿಷಯವನ್ನು ಓದಿದ ವಿದ್ಯಾರ್ಥಿಗೆ, ಇದು ಒಂದು ದೊಡ್ಡ ಅಗ್ನಿಪರ್ವತದ ಬಾಯಿಯಾಗಿರಬಹುದೆ ಎಂಬ ಸಂದೇಹ ಹುಟ್ಟುವುದು ಸಹಜ. ಅದು ಹಾಗಲ್ಲ. ಶಿಲಾಪದರಗಳು ಮಡಿಕೆಗೊಂಡು, ಮೃದುವಾದ ಕಲ್ಲು ಸವೆದು, ಗಡುಸಾದ ಕಬ್ಬಿಣದ ಕಲ್ಲು ಏಣಿನಂತೆ ಉಳಿದುದರಿಂದ ಈ ಆಕಾರ ಬಂದಿದೆ. ಆದರೆ ಸಂದೇಹದಲ್ಲಿ ಅರ್ಧ ಸತ್ಯವುಂಟು. ಆ ಪದರಗಳಲ್ಲಿ ಅನೇಕವು ಹಿಂದೆ ಲಾವಾ ಆಗಿ ಹರಿದವೇ! ಅವುಗಳ ವಯಸ್ಸು ಸುಮಾರು ೨೭೦ರಿಂದ ೨೯೦ ಕೋಟಿ ವರ್ಷ. ಮಲ್ಪೆಯ ಕಂಬಗಳಿಗಿಂತ ಸುಮಾರು ಮೂವತ್ತು ಪಟ್ಟು ಹಿರಿದು.

ಈ ಲಾವಾಶಿಲೆ ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ ಬದಲಾಗಿ, ಹೊಸ ಖನಿಜಗಳಿಂದ ಹಸುರುಬಣ್ಣ ತಳೆದಿದೆ. ಕೆಲವು ತುಂಡುಗಳಲ್ಲಿ ಬಾದಾಮಿಯಾಕಾರದ ಬಿಳಿಯ ಚುಕ್ಕೆಗಳಿರುತ್ತವೆ. ಅವು ಶಿಲಾರಸದಲ್ಲಿ ಅನಿಲದ ಗುಳ್ಳೆಗಳಿದ್ದ ಸ್ಥಾನಗಳು. ತರುವಾಯ ಖನಿಜಗಳಿಂದ ತುಂಬಿಕೊಂಡುವು. ಕೆಮ್ಮಣ್ಣುಗುಂಡಿಯಲ್ಲಿ ಇದೇ ಶ್ರೇಣಿಯ ಕಬ್ಬಿಣದ ಕಲ್ಲನ್ನು ಕಾಣಬಹುದು; ಭದ್ರಾವತಿಯ ಕಾರ್ಖಾನೆಗೆ ಬಹುಕಾಲ ಅದಿರು ಹೋದುದು ಅಲ್ಲಿಂದಲೇ. ಕಡೂರಿನವರು ಅಷ್ಟು ದೂರ ಹತ್ತಬೇಕಾಗಿಯೂ ಇಲ್ಲ. ಈ ಬೆಟ್ಟಗಳಲ್ಲಿ ಹುಟ್ಟುವ ವೇದಾ ನದಿ ಅಯ್ಯನಕೆರೆಯನ್ನೂ, ಆವತಿ ನದಿ ಮದಗದ ಕೆರೆಯನ್ನೂ ತುಂಬಿ, ಮುಂದೆ ಕೂಡಿ ವೇದಾವತಿಯಾಗುತ್ತವೆ. ಹೊಳೆಯ ಪಾತ್ರದ ಉರುಟುಕಲ್ಲುಗಳಲ್ಲಿ ಬೆಟ್ಟದ ಚೂರುಗಳು ತಾವಾಗಿಯೇ ಊರಿನ ಕಡೆಗೆ ಬಂದಿರುತ್ತವೆ.

ಬೆಟ್ಟದ ಕಲ್ಲಿನ ೨೭೦ ಕೋಟಿ ವರ್ಷಗಳನ್ನು ಜನವರಿ ಒಂದರಿಂದ ಆರಂಭವಾಗುವ ಒಂದೇ ವರ್ಷವೆಂದು ಭಾವಿಸಿದರೆ, ಮಲ್ಪೆಯ ಲಾವಾ ಹರಿದುದು ಡಿಸೆಂಬರ್ ೨೦ರ ಸುಮಾರಿಗೆ. ವಾಸ್ಕೋ ಡ ಗಾಮನು ಬಂದುದು ವರ್ಷದ ಕೊನೆಯ ಆರು ಸೆಕೆಂಡುಗಳಲ್ಲಿ!

ದ್ವೀಪದಲ್ಲಿ ನೋಡಬೇಕಾದುವು

ಮಲ್ಪೆಗೆ ಹೊರಡುವ ವಿದ್ಯಾರ್ಥಿಗಳು ಒಂದು ಟಿಪ್ಪಣಿ ಪುಸ್ತಕ, ಅಳತೆಪಟ್ಟಿ, ಕೋನಮಾಪಕಗಳನ್ನು ಒಯ್ಯಲಿ. ಮಾಡಬಹುದಾದ ಕೆಲಸಗಳು ಇವು:

೧. ಐವತ್ತು ಕಂಬಗಳ ತಲೆಗಳನ್ನು ನೋಡಿ, ನಾಲ್ಕು, ಐದು, ಆರು, ಏಳು ಮುಖಗಳವು ಎಷ್ಟೆಷ್ಟೆಂದು ಪಟ್ಟಿಮಾಡುವುದು.

೨. ಮೂರು ಬಿರುಕುಗಳು ಕೂಡುವ ಕಡೆ ಕೋನಗಳನ್ನು ಅಳೆದು, ೧೨೦ಕ್ಕೆ ಎಷ್ಟು ಸಮೀಪವೆಂದು ನೋಡುವುದು.

೩. ಕಂಬಗಳು ನೆಟ್ಟಗಿವೆಯೆ, ಓರೆಯಾಗಿವೆಯೆ ಎಂಬುದನ್ನು ಗುರುತಿಸಿ, ತಣಿದ ಮೇಲ್ಮೈ ಹೇಗಿದ್ದಿರಬಹುದೆಂದು ಊಹಿಸುವುದು.

೪. ಅಲೆ ಬಡಿಯುವ ಬದಿಯ ಕಂಬಗಳನ್ನೂ ಒಳನಾಡಿನ ಕಂಬಗಳನ್ನೂ ಹೋಲಿಸಿ, ಸಮುದ್ರವು ಕಲ್ಲನ್ನು ಸವೆಸುವ ರೀತಿಯನ್ನು ಬರೆಯುವುದು.

ಊರಿಗೆ ಮರಳಿದ ಮೇಲೆ ಎರಡನೆಯ ಅಳತೆಯನ್ನು ಬತ್ತಿದ ಕೆರೆಯಂಗಳದಲ್ಲಿಯೂ ಮಾಡಿ ಹೋಲಿಸಿದರೆ, ಪುಸ್ತಕದ ಮಾತು ಸ್ವಂತ ಜ್ಞಾನವಾಗುವುದು.

ಎಚ್ಚರಿಕೆಯ ಮಾತೂ ಅಗತ್ಯ. ತೊಯ್ದ ಬಂಡೆಗಳ ಮೇಲೆ ಪಾಚಿ ಜಾರುವುದು. ಬಂಡೆಗಳ ನಡುವಿನ ನೀರಿನ ಸೆಳೆತ ಈಜು ಬಲ್ಲವರಿಗೂ ಅಪಾಯಕರ. ಮಳೆಗಾಲದಲ್ಲಿ ಕಡಲು ಕೆರಳುವುದರಿಂದ ದೋಣಿಗಳು ನಿಲ್ಲುತ್ತವೆ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು ಈ ದ್ವೀಪದ ಕಂಬಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ನಮ್ಮ ರಾಜ್ಯದಲ್ಲಿ ಇಂಥ ಮನ್ನಣೆ ಪಡೆದ ಇನ್ನೊಂದು ಲಾವಾಶಿಲೆ, ಸಮುದ್ರದಡಿಯಲ್ಲಿ ಉಕ್ಕಿ ದಿಂಬುಗಳಂತೆ ಗಟ್ಟಿಯಾದುದು, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿದೆ. ದೇವಾಲಯದ ಕಂಬ ಮುರಿದರೆ ಶಿಲ್ಪಿಯು ಇನ್ನೊಂದನ್ನು ಕಡೆದು ನಿಲ್ಲಿಸಬಹುದು. ಈ ಕಂಬ ಮುರಿದರೆ ಮತ್ತೆ ನಿಲ್ಲಿಸಬಲ್ಲವರಿಲ್ಲ. ಸಮುದ್ರವು ಕೋಟಿಗಟ್ಟಲೆ ವರ್ಷಗಳಿಗೆ ಉಳಿಸಿಕೊಟ್ಟುದನ್ನು ಹೆಸರು ಕೆತ್ತುವ ಚಪಲಕ್ಕೂ, ನೆನಪಿಗೊಂದು ತುಂಡು ಒಯ್ಯುವ ಆಸೆಗೂ ಬಲಿಗೊಡಬಾರದು; ಬುತ್ತಿಯ ಪ್ಲಾಸ್ಟಿಕ್ಕನ್ನು ಕಂಬಗಳ ಸಂದಿಗೆ ತುರುಕಿ ಬರಬಾರದು. ದ್ವೀಪದಿಂದ ತರಬೇಕಾದುದು ಅಳತೆಯ ಪಟ್ಟಿ, ಬರೆದ ಚಿತ್ರ, ಮನಸ್ಸಿನಲ್ಲಿ ಹುಟ್ಟಿದ ಪ್ರಶ್ನೆಗಳು. ಇವು ಎಷ್ಟು ತಂದರೂ ಅಲ್ಲಿ ಕಡಮೆಯಾಗುವುದಿಲ್ಲ.