ಮನೆಯಂಗಳದ ಮರವೂ ಬಲವಿಜ್ಞಾನವೂ

ಏಪ್ರಿಲ್, ಮೇ ತಿಂಗಳುಗಳಲ್ಲಿ, ಮುಂಗಾರು ಇನ್ನೂ ದೂರವಿರುವಾಗಲೇ, ಸಂಜೆಯ ಹೊತ್ತು ಎದ್ದು ಬರುವ ಗುಡುಗುಮಳೆಯ ಗಾಳಿಗೆ ಬೆಂಗಳೂರು ಮೈಸೂರುಗಳಲ್ಲಿ ಮರಗಳು ಉರುಳುವುದನ್ನು ನಾವು ವರ್ಷವರ್ಷವೂ ಕಾಣುತ್ತೇವೆ. ಮರುದಿನದ ಪತ್ರಿಕೆಯಲ್ಲಿ ಅದರ ಚಿತ್ರವನ್ನು ನೋಡಿದ ಗೃಹಸ್ಥನು ತನ್ನ ಅಂಗಳದ ಮರವನ್ನು ಒಮ್ಮೆ ತಲೆಯೆತ್ತಿ ನೋಡುತ್ತಾನೆ. ಕಡಿಸಿಬಿಡುವುದೇ ಕ್ಷೇಮವೆಂದು ನಿಶ್ಚಯಿಸಿ, ಮಚ್ಚು ಹಗ್ಗಗಳೊಡನೆ ಬೀದಿಯಲ್ಲಿ ಹೋಗುವವರನ್ನು ಕೂಗಿ ಕರೆಯುತ್ತಾನೆ. ಹಾಗೆ ಕರೆಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡು. ಮರವು ನಿಜವಾಗಿಯೂ ಅಪಾಯಕಾರಿಯೇ? ಹೌದಾದರೆ, ಅದನ್ನು ಇಳಿಸಬಲ್ಲವರು ಯಾರು? ಇವೆರಡಕ್ಕೂ ಉತ್ತರವು ಬಹುಮಟ್ಟಿಗೆ ಕಾಲೇಜಿನ ಮೊದಲ ವರ್ಷದ ಬಲವಿಜ್ಞಾನದಲ್ಲಿಯೇ ಅಡಗಿದೆ.

ಮೊದಲು ಗಾಳಿಯನ್ನು ತೆಗೆದುಕೊಳ್ಳೋಣ. ಗಾಳಿಯ ಒತ್ತಡವು ಅದರ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಗಂಟೆಗೆ 36 ಕಿಲೋಮೀಟರು ವೇಗದ ಗಾಳಿಯು ತನಗೆ ಅಡ್ಡನಿಂತ ಪ್ರತಿ ಚದರ ಮೀಟರಿನ ಮೇಲೂ ಸುಮಾರು 6 ಕಿಲೋಗ್ರಾಂ ತೂಕದಷ್ಟು ಒತ್ತುವುದಾದರೆ, 72 ಕಿಲೋಮೀಟರು ವೇಗದ ಗಾಳಿಯು 12 ಅಲ್ಲ, 24 ಕಿಲೋಗ್ರಾಂ ತೂಕದಷ್ಟು ಒತ್ತುತ್ತದೆ. ಗಾಳಿಗೆ 30 ಚದರ ಮೀಟರು ಮುಖವನ್ನೊಡ್ಡಿದ ಸಾಧಾರಣ ಮರದಲ್ಲಿ, ಎಲೆಗಳು ಮಡಿಸಿಕೊಂಡು ಅರ್ಧದಷ್ಟನ್ನು ಹಾಯಗೊಟ್ಟರೂ, ಉಳಿಯುವ ಬಲ ಸುಮಾರು 360 ಕಿಲೋಗ್ರಾಂ ತೂಕ. ಇದು ನೆಲದಿಂದ 8 ಮೀಟರು ಎತ್ತರದಲ್ಲಿ ತಳ್ಳುತ್ತಿರುವುದರಿಂದ ಕಾಂಡವೇ ಒಂದು ಉದ್ದನೆಯ ಸನ್ನೆಗೋಲಾಗುತ್ತದೆ. ಬೊಡ್ಡೆಯೂ ಬೇರುಗಳೂ ಆ ಬಲದ ಎಂಟು ಮಡಿ ಭ್ರಾಮಕವನ್ನು ತಡೆದು ನಿಲ್ಲಬೇಕಾಗುತ್ತದೆ.

ಕಾಂಡವು ತಡೆಯಬಲ್ಲುದೇ? ಪೊಟರೆ ಬಿದ್ದ ಮರವನ್ನು ಕಂಡೊಡನೆ ಮರಣದಂಡನೆ ವಿಧಿಸುವ ವಾಡಿಕೆ ನಮ್ಮಲ್ಲಿದೆ. ಇದು ಅವಸರದ ತೀರ್ಪು. ಬಾಗುವಿಕೆಯನ್ನು ತಡೆಯುವ ಕೆಲಸವನ್ನೆಲ್ಲ ಮಾಡುವುದು ಹೊರಗಿನ ಮರವೇ ಹೊರತು ನಡುವಿನ ತಿರುಳಲ್ಲ. ಒಳಗಿನ ಟೊಳ್ಳಿನ ವ್ಯಾಸವು ಕಾಂಡದ ವ್ಯಾಸದ ಅರ್ಧದಷ್ಟಿದ್ದರೆ ನಷ್ಟವಾಗುವ ಬಲ ಅರ್ಧದ ಚತುರ್ಘಾತ, ಎಂದರೆ ಹದಿನಾರರಲ್ಲಿ ಒಂದು ಪಾಲು ಮಾತ್ರ. ಟೊಳ್ಳು ವ್ಯಾಸದ ಹತ್ತರಲ್ಲಿ ಏಳು ಪಾಲಾದರೆ ಸುಮಾರು ಕಾಲುಭಾಗ ಹೋಗುತ್ತದೆ. ಒಂಬತ್ತು ಪಾಲಾದರೆ ಮೂರರಲ್ಲಿ ಎರಡು ಭಾಗ ಹೋದಂತೆಯೇ. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಮರಗಳ ಬಲವನ್ನು ಅಭ್ಯಾಸ ಮಾಡಿದ ಕ್ಲಾಸ್ ಮ್ಯಾಟೆಕ್ ಅವರು, ಗಟ್ಟಿಯಾಗಿ ಉಳಿದ ಗೋಡೆಯ ದಪ್ಪವು ತ್ರಿಜ್ಯದ ನೂರರಲ್ಲಿ 30 ಪಾಲಿಗಿಂತ ಕಡಿಮೆಯಾದಾಗ ಎಚ್ಚರ ವಹಿಸಬೇಕೆಂದು ಹೇಳಿರುವುದು ಈ ಲೆಕ್ಕಕ್ಕೆ ಹೊಂದಿಕೊಂಡೇ ಇದೆ. ಆದರೆ ಟೊಳ್ಳು ಒಂದು ಪಕ್ಕದಲ್ಲಿ ಬಾಯ್ದೆರೆದಿದ್ದರೆ ಈ ಲೆಕ್ಕ ನಡೆಯದು. ಸೀಳಿದ ಬಿದಿರು ಇಡೀ ಬಿದಿರಿನಂತೆ ನಿಲ್ಲುವುದಿಲ್ಲವಷ್ಟೆ.

ಬೇರಿನ ಸಂಗತಿ ಬೇರೆ. ಮರವು ನೆಲದ ಮೇಲೆ ಎಷ್ಟು ಎತ್ತರವಿದೆಯೋ ನೆಲದೊಳಗೂ ಅಷ್ಟೇ ಆಳವಿದೆಯೆಂಬ ನಂಬಿಕೆ ತಪ್ಪು. ಬೇರುಗಳ ಬಹುಪಾಲು ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲಿಯೇ ಇದ್ದು, ಕೊಂಬೆಗಳ ನೆರಳಿಗಿಂತಲೂ ಆಚೆಗೆ ಹರಡಿಕೊಂಡಿರುತ್ತದೆ. ಕೊಳಾಯಿಗಾಗಿಯೋ ಚರಂಡಿಗಾಗಿಯೋ ಬೊಡ್ಡೆಯ ಪಕ್ಕದಲ್ಲಿ ತೋಡಿದ ಒಂದೇ ಕಾಲುವೆಯು ಒಂದು ಪಕ್ಕದ ಲಂಗರನ್ನೆಲ್ಲ ಕತ್ತರಿಸಿಬಿಡಬಲ್ಲದು. ಎಲೆಗಳು ಮಾತ್ರ ಆಮೇಲೂ ಹಸಿರಾಗಿಯೇ ನಗುತ್ತಿರುತ್ತವೆ.

ಇದನ್ನು ನಾವು ಪುಸ್ತಕದಿಂದ ಕಲಿತದ್ದಲ್ಲ. ಮೈಸೂರಿನಲ್ಲಿ ನಮ್ಮ ನೆರೆಮನೆಯ ಹಿರಿಯರೊಬ್ಬರ ಅಂಗಳದಲ್ಲಿ, ಗೋಡೆಯಿಂದ ಒಂಬತ್ತು ಅಡಿ ದೂರದಲ್ಲಿ, ದೊಡ್ಡದೊಂದು ಗುಲ್‌ಮೊಹರ್ ಇತ್ತು. ಮಡಗಾಸ್ಕರ್ ದ್ವೀಪದಿಂದ ಬಂದು ನಮ್ಮ ಬೀದಿಗಳನ್ನು ಕೆಂಪಾಗಿಸಿದ ಈ ಮರದ ಕೊಂಬೆಗಳು ಪೆಡಸು, ಬೇರುಗಳು ಮೇಲುಮೇಲಿನವು. ಕಡಿಮೆ ಕೂಲಿಗೆ ಒಪ್ಪಿ ಬಂದ ಮೂವರಲ್ಲಿ ಒಬ್ಬ ಯುವಕನು ಸೊಂಟಕ್ಕೆ ಹಗ್ಗವನ್ನೂ ಕಟ್ಟಿಕೊಳ್ಳದೆ ಬರಿಗಾಲಿನಲ್ಲಿ ಹತ್ತಿ, ತೊಡೆಗಿಂತಲೂ ದಪ್ಪನೆಯ ಕೊಂಬೆಯನ್ನು ಮೇಲಿನಿಂದ ಒಂದೇ ಸಮನೆ ಕುಯ್ಯತೊಡಗಿದನು. ಅರ್ಧ ಕುಯ್ಯುವಷ್ಟರಲ್ಲಿ ಕೊಂಬೆಯು ತನ್ನ ಭಾರಕ್ಕೇ ಮುರಿದು, ಕಾಂಡದ ತೊಗಟೆಯನ್ನು ಮೂರು ಅಡಿ ಸುಲಿದುಕೊಂಡು ಕೆಳಕ್ಕೆ ತೂಗಿ, ಏಣಿಯನ್ನು ಹೊಡೆದು ಹಾಕಿತು. ಹುಡುಗನು ಕಾಂಡವನ್ನು ತಬ್ಬಿಕೊಂಡು ಉಳಿದನು. ಸನ್ನೆಗೋಲಿನ ಪಾಠವನ್ನು ವರ್ಷಕ್ಕೆ ನಾಲ್ಕು ತರಗತಿಗಳಿಗೆ ಹೇಳುವ ನಾವು ಬೇಲಿಯ ಈಚೆಗೆ ನಿಂತು ನೋಡುತ್ತಿದ್ದೆವು. ಒಂದು ಮಾತನ್ನೂ ಆಡಿರಲಿಲ್ಲ.

ಕೊಂಬೆಯನ್ನು ಮೂರು ಕೊಯ್ತಗಳಲ್ಲಿ ತೆಗೆಯಬೇಕು. ಕಾಂಡದಿಂದ ಒಂದು ಅಡಿ ಆಚೆಗೆ, ಕೆಳಗಿನಿಂದ ಮೇಲಕ್ಕೆ, ದಪ್ಪದ ಕಾಲುಭಾಗದಷ್ಟು ಮೊದಲನೆಯದು. ಅದಕ್ಕಿಂತ ತುಸು ಹೊರಗೆ ಮೇಲಿನಿಂದ ಎರಡನೆಯದು. ತೊಗಟೆಯ ಸೀಳು ಮೊದಲ ಕೊಯ್ತಕ್ಕೆ ಬಂದು ನಿಂತುಬಿಡುತ್ತದೆ. ಉಳಿದ ಮೋಟನ್ನು ಮೂರನೆಯ ಕೊಯ್ತದಿಂದ ತೆಗೆಯುವಾಗ, ಕೊಂಬೆಯು ಕಾಂಡವನ್ನು ಸೇರುವಲ್ಲಿ ಉಬ್ಬಿಕೊಂಡಿರುವ ಕೊರಳನ್ನು ಮುಟ್ಟಕೂಡದು. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೋ ಅವರು ಸಾವಿರಾರು ಮರಗಳನ್ನು ಸೀಳಿ ನೋಡಿ, ಮರವು ನಮ್ಮ ಚರ್ಮದಂತೆ ಗಾಯವನ್ನು ಮಾಯಿಸಿಕೊಳ್ಳುವುದಿಲ್ಲ, ಅದರ ಸುತ್ತ ಗೋಡೆ ಕಟ್ಟಿ ಕೊಳೆಯನ್ನು ಒಳಗೇ ಬಂಧಿಸುತ್ತದೆ ಎಂಬುದನ್ನು 1970ರ ದಶಕದಲ್ಲಿ ತೋರಿಸಿಕೊಟ್ಟರು. ಆ ಗೋಡೆ ಏಳುವುದು ಕೊರಳಿನಿಂದಲೇ. ಗಾಯಕ್ಕೆ ಡಾಂಬರು, ಬಣ್ಣಗಳನ್ನು ಬಳಿಯುವುದು ನೋಡುವವರ ಸಮಾಧಾನಕ್ಕೆ ಮಾತ್ರ. ಇನ್ನು ಮರದ ಮಂಡೆಯನ್ನೇ ಬೋಳಿಸುವ ಪದ್ಧತಿಯಂತೂ ಶುದ್ಧ ಕೇಡು: ಮೋಟುಗಳಿಂದ ಹೊರಡುವ ಹೊಸ ಚಿಗುರುಗಳು ಹೊರಪದರಕ್ಕಷ್ಟೇ ಅಂಟಿಕೊಂಡಿದ್ದು, ಅವು ದಪ್ಪವಾಗುವ ಹೊತ್ತಿಗೆ ಕೆಳಗಿನ ಮೋಟು ಕೊಳೆತಿರುತ್ತದೆ. ಮಂಡೆ ಬೋಳಿಸುವೆನೆನ್ನುವವನನ್ನು ವಂದಿಸಿ ಕಳುಹಿಸಿಬಿಡುವುದು ಲೇಸು.

ಕೆಲಸ ನಿಂತ ವಾರದ ಮೇಲೆ ಬೇರೊಬ್ಬರು ಬಂದರು. ಅವರು ಮೇಲೆ ನೋಡಲೇ ಇಲ್ಲ. "ಮೇಲಿಂದು ಆಮೇಲೆ ಸಾರ್, ಮೊದಲು ಬುಡ ನೋಡಣ" ಎಂದು ಮಂಡಿಯೂರಿ ಮಣ್ಣನ್ನು ಕೆದಕಿ, ಮರದ ಸುತ್ತಿಗೆಯಿಂದ ಬೊಡ್ಡೆಯನ್ನು ಸುತ್ತಲೂ ತಟ್ಟುತ್ತ ಹೋದರು. ಒಂದು ಪಕ್ಕದಲ್ಲಿ ಹಳೆಯ ಕೊಳಾಯಿಯ ಕಾಲುವೆ, ತುಂಡಾದ ಬೇರುಗಳು, ಅವುಗಳ ಮೇಲೆ ತಟ್ಟೆಯಂತಹ ಅಣಬೆಗಳು. ಮರವನ್ನು ಉಳಿಸುವಂತಿರಲಿಲ್ಲ.

ಇಳಿಸುವುದು ಹೇಗೆ? ಮೂರು ಮೀಟರು ಉದ್ದ, 30 ಸೆಂಟಿಮೀಟರು ವ್ಯಾಸದ ಹಸಿಯ ತುಂಡು ಸುಮಾರು 200 ಕಿಲೋಗ್ರಾಂ ತೂಗುತ್ತದೆ. ಅದು ಮೂರು ಮೀಟರು ಬಿದ್ದ ಮೇಲೆ ಹಗ್ಗವು ಅದನ್ನು ಅರ್ಧ ಮೀಟರಿನೊಳಗೆ ನಿಲ್ಲಿಸಬೇಕಾದರೆ, ಸರಾಸರಿ ಎಳೆತವು ತೂಕದ ಏಳು ಪಟ್ಟು, ಎಂದರೆ 1400 ಕಿಲೋಗ್ರಾಂ ತೂಕವಾಗುತ್ತದೆ. ಆದುದರಿಂದ ತುಂಡನ್ನು ಬೀಳಿಸಿ ಹಿಡಿಯದೆ ಮೊದಲಿನಿಂದಲೇ ಹಿಡಿದು ಇಳಿಸಬೇಕು. ಹಿಡಿಯುವವನು ಒಬ್ಬನೇ! ಇಲ್ಲಿ ನೆರವಾಗುವುದು ಘರ್ಷಣೆ. ಹಗ್ಗವನ್ನು ಬೊಡ್ಡೆಗೆ ಸುತ್ತಿದಾಗ, ಘರ್ಷಣಾಂಕವು 0.25 ಆಗಿದ್ದರೆ, ಪ್ರತಿಯೊಂದು ಸುತ್ತೂ ಬೇಕಾದ ಬಲವನ್ನು 4.8 ಪಟ್ಟು ತಗ್ಗಿಸುತ್ತದೆ. ಎರಡು ಸುತ್ತಿಗೆ 23 ಪಟ್ಟು, ಮೂರಕ್ಕೆ 111 ಪಟ್ಟು. ಹೀಗೆ ಎರಡೇ ಸುತ್ತಿನಿಂದ 200 ಕಿಲೋಗ್ರಾಂ ಭಾರವನ್ನು 9 ಕಿಲೋಗ್ರಾಂ ತೂಕದಷ್ಟು ಎಳೆತದಲ್ಲಿ ತಡೆಯಬಹುದು. ಮಂಗಳೂರಿನ ಬಂದರಿನಲ್ಲಿ ಹಡಗನ್ನು ಕಂಬಕ್ಕೆ ಕಟ್ಟುವವರು ಅವಲಂಬಿಸಿರುವ ತತ್ತ್ವವೂ ಇದೇ. ಆದರೆ ಮೇಲೆ ರಾಟೆಯನ್ನು ಕಟ್ಟಿದ ಕವಲಿನ ಮೇಲೆ ಭಾರದ ಕಡೆಯ ಹಗ್ಗವೂ ಹಿಡಿತದ ಕಡೆಯ ಹಗ್ಗವೂ ಸೇರಿ ಸುಮಾರು ಇಮ್ಮಡಿ ಹೊರೆ ಬೀಳುತ್ತದೆಂಬುದನ್ನು ಮರೆಯಕೂಡದು.

ಬಂದವರು ಇದಾವ ಸೂತ್ರವನ್ನೂ ಬರೆಯಲಿಲ್ಲ. ಎರಡು ಸುತ್ತು ಸಾಕೆ, ಮೂರು ಬೇಕೆ ಎಂಬುದನ್ನು ತುಂಡಿನ ಗಾತ್ರ ನೋಡಿಯೇ ಹೇಳುತ್ತಿದ್ದರು. ತಮ್ಮ ಸೊಂಟದ ಹಗ್ಗವನ್ನು ಭಾರದ ಹಗ್ಗದಿಂದ ಬೇರೆಯಾಗಿಯೇ, ಕುಯ್ಯದ ಕವಲಿಗೆ ಕಟ್ಟಿದ್ದರು. ತಲೆಗೆ ಗಟ್ಟಿ ಟೋಪಿಯಿತ್ತು. ಕೆಳಗೆ ಯಾರೂ ನಿಲ್ಲಬಾರದ ಜಾಗವನ್ನು ಸುಣ್ಣದಿಂದ ಗೆರೆಯೆಳೆದು ಗುರುತಿಸಿದ್ದರು. ಹಸಿಮರವು ವಿದ್ಯುತ್ತನ್ನು ಹರಿಯಗೊಡುವುದರಿಂದ, ಬೀದಿಯ ತಂತಿಯ ಸರಬರಾಜನ್ನು ನಿಲ್ಲಿಸಿದ ಹೊರತು ಏಣಿಯನ್ನೇ ಒರಗಿಸಲಿಲ್ಲ. ಅವರು ಕೇಳಿದ ಕೂಲಿ ಮೊದಲಿನವರದರ ಮೂರು ಪಟ್ಟು. ಅದರಲ್ಲಿ ಹೆಚ್ಚಿನ ಪಾಲು ಯಾವುದಕ್ಕೆ ಸಲ್ಲುತ್ತದೆಂಬುದನ್ನು ಓದುಗರು ಈಗ ತಾವೇ ಊಹಿಸಬಹುದು.

ಕಾಗದಪತ್ರದ ಮಾತೊಂದು ಉಳಿಯಿತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟರೆ, ನಮ್ಮ ಸ್ವಂತ ಅಂಗಳದ ಮರವನ್ನು ಕಡಿಯುವುದಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಅನುಮತಿ ಪಡೆದವನ ಮೇಲೆ ಬದಲಿ ಗಿಡ ನೆಡುವ ಹೊಣೆಯೂ ಬೀಳುತ್ತದೆ. ನೆರೆಮನೆಯ ಹಿರಿಯರು ಈ ಸಲ ಒಂದು ಹೊಂಗೆಯ ಸಸಿಯನ್ನು, ಗೋಡೆಯಿಂದಲೂ ಕೊಳಾಯಿಯಿಂದಲೂ ಹದಿನೈದು ಅಡಿ ಅಳೆದು, ನೆಟ್ಟಿದ್ದಾರೆ. ಅಳತೆಯ ಟೇಪಿನ ಇನ್ನೊಂದು ತುದಿಯನ್ನು ಹಿಡಿದವರು ನಾವು.