ಹಗ್ಗಕ್ಕಿಂತ ಮೊದಲು ಕೊಂಡಿ

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ಮನೆಯಲ್ಲಿ ಫೋರ್ ವೀಲ್ ಜೀಪು ಇದೆ. ಕಳೆದ ಆಷಾಢದಲ್ಲಿ ತೋಟದ ಕೆಳಗಿನ ದಾರಿಯಲ್ಲಿ ಗಾಡಿ ಹೂತುಹೋಯಿತು. ಮೈದುನ ಟ್ರ್ಯಾಕ್ಟರ್ ತಂದು, ಸರಪಳಿ ಕಟ್ಟಿ ಜಗ್ಗಿದಾಗ ಜೀಪಿನ ಹಿಂದೆ ಟ್ರೈಲರ್ ಸಿಕ್ಕಿಸುವ ಕಬ್ಬಿಣದ ಗುಂಡು ಕಿತ್ತು ಹಾರಿ ಟ್ರ್ಯಾಕ್ಟರ್ ಮಡ್‌ಗಾರ್ಡ್‌ಗೆ ಬಡಿಯಿತು. ದೇವರು ದೊಡ್ಡವನು, ಯಾರಿಗೂ ಏನೂ ಆಗಲಿಲ್ಲ. ಈಗ ನಮ್ಮ ಯಜಮಾನರು ವಿಂಚ್, ಹಗ್ಗ, ಶ್ಯಾಕಲ್, ಜಾಕ್ ಎಂದು ಸುಮಾರು 70 ಸಾವಿರದ ಪಟ್ಟಿ ಬರೆದಿಟ್ಟುಕೊಂಡಿದ್ದಾರೆ. ಬೇಡ ಅಂದರೆ, ‘ಹಾಗಾದ್ರೆ ಮತ್ತೆ ಅದೇ ಸರಪಳಿ ಕಟ್ಲಾ?’ ಅಂತಾರೆ. ನನಗೆ ದುಡ್ಡಿಗಿಂತ ಜೀವದ ಭಯ. ಏನು ಹೇಳಲಿ?
– ಹೆಸರು ಬೇಡ, ಮೂಡಿಗೆರೆ ತಾಲ್ಲೂಕು

ಉತ್ತರ: ನಿಮ್ಮ ಭಯದಲ್ಲಿ ಅರ್ಥವಿದೆ. ಹಾಗೆಂದು ನಿಮ್ಮ ಯಜಮಾನರು ಕೇಳಿದ್ದೂ ತಪ್ಪಲ್ಲ. ಎಡವಟ್ಟಾಗಿರುವುದು ಆ ಪಟ್ಟಿಯ ಕ್ರಮದಲ್ಲಿ. ಕೊನೆಗೆ ಕೊಳ್ಳಬೇಕಾದದ್ದು ಮೊದಲಿದೆ, ಮೊದಲು ಬೇಕಾದದ್ದು ನೀವು ಬರೆದ ಪಟ್ಟಿಯಲ್ಲೇ ಇಲ್ಲ.

ಅಂದು ಆದದ್ದೇನು ಎಂದು ಮೊದಲು ನೋಡೋಣ. ಆ ಗುಂಡು ಇರುವುದು ಟ್ರೈಲರನ್ನು ಸಮನಾಗಿ ಎಳೆದುಕೊಂಡು ಹೋಗಲು. ಕೆಸರಲ್ಲಿ ಕಚ್ಚಿಕೊಂಡ ಗಾಡಿಯನ್ನು ಜಗ್ಗುವಾಗ ಬೀಳುವ ಹೊಡೆತವೇ ಬೇರೆ. ಸರಪಳಿ ಹಿಗ್ಗುವುದಿಲ್ಲ, ಆದ್ದರಿಂದ ಟ್ರ್ಯಾಕ್ಟರ್ ನುಗ್ಗಿದ ಅಷ್ಟೂ ರಭಸ ಒಂದೇ ಕ್ಷಣದಲ್ಲಿ ಆ ಗುಂಡಿನ ಕುತ್ತಿಗೆಯ ಮೇಲೆ ಬೀಳುತ್ತದೆ. ಅದು ಮುರಿದರೆ ಹಾರುವುದು ಎಳೆಯುತ್ತಿದ್ದ ಗಾಡಿಯ ಕಡೆಗೇ. ಆಸ್ಟ್ರೇಲಿಯಾದಲ್ಲಿ ಹೀಗೆ ಹಾರಿದ ಗುಂಡು ಗಾಜು ಒಡೆದು ಒಳಗಿದ್ದವರಿಗೆ ಬಡಿದು ಜೀವ ಹೋದದ್ದಿದೆ. ಎಳೆಯುವ ಪಟ್ಟಿಗಳ ಮೇಲೆ ಎಚ್ಚರಿಕೆಯ ಚೀಟಿ ಕಡ್ಡಾಯವಾಗಿ ಇರಲೇಬೇಕು ಎಂಬ ನಿಯಮ ಆ ದೇಶದಲ್ಲಿದೆ. ನಿಮ್ಮ ಮೈದುನ ಮಡ್‌ಗಾರ್ಡ್ ಬದಲಾಯಿಸಿ ಸುಮ್ಮನಾಗಿದ್ದರೆ, ಆ ಗುಂಡು ಎಲ್ಲಿಗೆ ಬರುತ್ತಿತ್ತು ಎಂಬುದನ್ನು ಅವರಿಗೆ ಒಮ್ಮೆ ಹೇಳಿ.

ಹಾಗಾಗಿ ಮೊದಲ ಖರ್ಚು ಗಾಡಿಯ ಚಾಸಿಗೆ ಬೋಲ್ಟ್ ಆಗುವ ಗಟ್ಟಿ ಕೊಂಡಿಗಳಿಗೆ, ಹಿಂದೊಂದು ಮುಂದೊಂದು. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಎಳೆಯುವ ಜಾಗ ಯಾವುದೆಂದು ಚಿತ್ರ ಇರುತ್ತದೆ. ಲಾರಿ ಮೇಲೆ ಸಾಗಿಸುವಾಗ ಬಿಗಿದು ಕಟ್ಟಲೆಂದು ಇಟ್ಟ ಸಣ್ಣ ಬಳೆಗಳೂ ಅಡಿಯಲ್ಲಿ ಕಾಣುತ್ತವೆ, ಅವುಗಳನ್ನು ನಂಬಬೇಡಿ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಬಂಪರಿಗೆ ಒಂದು ಬಳೆ ಅಂಟಿಸಿಕೊಂಡು ಬರುವುದೂ ಬೇಡ. ಶ್ಯಾಕಲ್ ಕೊಳ್ಳುವಾಗ ಮೈಮೇಲೆ ಎಷ್ಟು ಟನ್ ಎಂದು ಅಚ್ಚೊತ್ತಿರಬೇಕು: 3.25 ಅಥವಾ 4.75. ಅಚ್ಚಿಲ್ಲದ್ದು ಎಷ್ಟು ಹೊಳೆಯುತ್ತಿದ್ದರೂ ಬಿಟ್ಟುಬಿಡಿ. ಪಿನ್ನನ್ನು ಕೈಯಲ್ಲೇ ಪೂರ್ತಿ ತಿರುಗಿಸಿ, ಕಾಲು ಸುತ್ತು ಹಿಂದಕ್ಕೆ ಬಿಡಬೇಕು. ಇಲ್ಲದಿದ್ದರೆ ಎಳೆದಾದ ಮೇಲೆ ಕಚ್ಚಿಕೊಂಡು, ಬಿಚ್ಚಲು ಸುತ್ತಿಗೆ ಹುಡುಕಬೇಕಾಗುತ್ತದೆ.

ಎರಡನೆಯದು ಹಗ್ಗ. ಇಲ್ಲಿ ಅಂಗಡಿಯವರೂ ಗೊಂದಲ ಮಾಡುತ್ತಾರೆ. ನೈಲಾನಿನ ಸ್ನ್ಯಾಚ್ ಪಟ್ಟಿ ಸುಮಾರು ಶೇ 20ರಷ್ಟು ಹಿಗ್ಗುತ್ತದೆ, ಕೈನೆಟಿಕ್ ಹಗ್ಗ ಇನ್ನೂ ಹೆಚ್ಚು. ಎಳೆಯುವ ಗಾಡಿ ಎರಡು ಮೂರು ಮೀಟರ್ ಸಡಿಲ ಬಿಟ್ಟು, ನಡಿಗೆಗಿಂತ ಸ್ವಲ್ಪ ಜೋರಾಗಿ ಹೊರಟರೆ ಪಟ್ಟಿ ಹಿಗ್ಗಿ, ಮತ್ತೆ ಕುಗ್ಗುವಾಗ ಹೂತ ಗಾಡಿಯನ್ನು ಕಿತ್ತು ತರುತ್ತದೆ. ಇದು ಜೀಪಿಗೆ ಜೀಪು ಕಟ್ಟುವವರ ಸಾಮಾನು. ಪಟ್ಟಿಯ ತಾಕತ್ತು ಎರಡು ಗಾಡಿಗಳಲ್ಲಿ ಹಗುರವಾದದ್ದರ ತುಂಬು ತೂಕದ 2ರಿಂದ 3 ಪಟ್ಟು ಇರಬೇಕು. ಜನ, ಸಾಮಾನು ಸೇರಿ 2,300 ಕೆ.ಜಿ. ತೂಗುವ ಗಾಡಿಗೆ 4,600ರಿಂದ 6,900 ಕೆ.ಜಿ.ಯದು ಸರಿ. ಹೆಚ್ಚು ದಪ್ಪದ್ದು ಒಳ್ಳೆಯದೆಂದು 12 ಟನ್ನಿನದು ತಂದರೆ ಅದು ಬೇಕಾದಷ್ಟು ಹಿಗ್ಗುವುದೇ ಇಲ್ಲ, ಮತ್ತೆ ಸರಪಳಿಯ ಕಥೆಯೇ.

ನಿಮ್ಮ ಮನೆಯಲ್ಲಿ ಟ್ರ್ಯಾಕ್ಟರ್ ಇದೆಯಲ್ಲ, ನಿಮಗೆ ಜಗ್ಗುವ ಹಗ್ಗ ಬೇಕಾಗಿಯೇ ಇಲ್ಲ. ಹೆಚ್ಚು ಹಿಗ್ಗದ ಪಾಲಿಯೆಸ್ಟರ್ ಪಟ್ಟಿ ಸಾಕು. ಸಡಿಲವೆಲ್ಲ ಹೋಗುವ ತನಕ ಟ್ರ್ಯಾಕ್ಟರನ್ನು ಇಂಚಿಂಚು ಮುಂದೆ ಬಿಟ್ಟು, ಆಮೇಲೆ ಲೋ ಗೇರಿನಲ್ಲಿ ನಿಧಾನಕ್ಕೆ ಎಳೆಯಬೇಕು. ಕಟ್ಟುವುದು ಕೆಳಗಿನ ಡ್ರಾಬಾರಿಗೇ. ಮೇಲಿನ ಟಾಪ್ ಲಿಂಕಿಗೆ ಕಟ್ಟಿದರೆ ಟ್ರ್ಯಾಕ್ಟರಿನ ಮೂತಿ ಎದ್ದು ಹಿಂದಕ್ಕೆ ಮಗುಚುತ್ತದೆ, ಓಡಿಸುವವನಿಗೆ ಹಾರಿಕೊಳ್ಳಲೂ ಸಮಯ ಸಿಗುವುದಿಲ್ಲ. ಎರಡು ಪಟ್ಟಿ ಜೋಡಿಸಬೇಕಾಗಿ ಬಂದರೆ ನಡುವೆ ಶ್ಯಾಕಲ್ ಹಾಕಬೇಡಿ. ಒಂದರ ಕುಣಿಕೆಯಲ್ಲಿ ಇನ್ನೊಂದನ್ನು ತೂರಿಸಿ, ಬಿಗಿದುಕೊಳ್ಳದಂತೆ ನಡುವೆ ಒಂದು ಪತ್ರಿಕೆಯನ್ನು ಸುರುಳಿ ಸುತ್ತಿ ಇಟ್ಟರಾಯಿತು. ಈ ಸಂಚಿಕೆ ಓದಿಯಾದ ಮೇಲೆ ಜೀಪಿನಲ್ಲೇ ಇಟ್ಟಿರಿ, ನಮಗೇನೂ ಬೇಸರವಿಲ್ಲ.

ಇಷ್ಟೆಲ್ಲ ಹೇಳಿದರೂ, ಮಲೆನಾಡಿನ ಜೇಡಿಗೆ ಹಗ್ಗಕ್ಕಿಂತ ಮೊದಲು ಗುದ್ದಲಿ, ಸಲಿಕೆ ಬೇಕು. ಚಕ್ರ ತಿರುಗಿಸಿದಷ್ಟೂ ಗಾಡಿ ಇಳಿಯುತ್ತದೆ, ಕೊನೆಗೆ ಆಕ್ಸಲ್ಲಿನ ಗುಂಡು ಮಣ್ಣಿನ ಮೇಲೆ ಕೂರುತ್ತದೆ. ಒಮ್ಮೆ ಕೂತ ಮೇಲೆ ಆಕ್ಸಿಲರೇಟರ್ ತುಳಿಯುವುದು ನಿಲ್ಲಿಸಿ ಇಳಿಯಿರಿ. ಚಕ್ರದ ಮುಂದಿನ ಮಣ್ಣು ತೆಗೆದು ಇಳಿಜಾರು ಮಾಡಿ, ಹೊಟ್ಟೆಯಡಿಯ ಮಣ್ಣು ಬಿಡಿಸಿ, 30ರ ಆಸುಪಾಸಿನಲ್ಲಿರುವ ಟೈರಿನ ಗಾಳಿಯನ್ನು 20ರವರೆಗೆ ಇಳಿಸಿ. ಟೈರು ಅಗಲವಾಗಿ ಊರಿಕೊಳ್ಳುತ್ತದೆ. ಬಂದ ದಾರಿಯಲ್ಲೇ ಹಿಂದಕ್ಕೆ ತೆಗೆಯುವುದು ಎಷ್ಟೋ ಸಲ ಸುಲಭ, ಗಂಡಸರಿಗೆ ಅದು ಯಾಕೋ ಅವಮಾನ. ಮತ್ತೆ ಟಾರು ರಸ್ತೆಗೆ ಏರುವ ಮೊದಲು ಗಾಳಿ ತುಂಬಿಸಲೇಬೇಕು, ಆದ್ದರಿಂದ ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಕಂಪ್ರೆಸರ್ ಕೊಳ್ಳಲಿ. ಚಕ್ರದಡಿ ಇಡುವ ಪ್ಲಾಸ್ಟಿಕ್ ಹಲಗೆಗಳು ಒಂದು ಜೊತೆ ಇದ್ದರೆ ಇನ್ನೂ ಒಳ್ಳೆಯದು. ಪಂಚರಿನ ದಿನವೂ ಕೆಸರಿನ ದಿನವೂ ಕೆಲಸಕ್ಕೆ ಬರುವ ಸಾಮಾನು ಇವೇ. ಪಟ್ಟಿಯಲ್ಲಿರುವ ಜಾಕು ಎತ್ತರದ ಹೈ-ಲಿಫ್ಟ್ ಆಗಿದ್ದರೆ ಹೊಡೆದುಹಾಕಿ. ಕೆಸರಲ್ಲಿ ಅದು ವಾಲುತ್ತದೆ, ಹಿಡಿ ತಪ್ಪಿದರೆ ದವಡೆಗೆ ಬಡಿಯುತ್ತದೆ.

ವಿಂಚಿನ ವಿಚಾರ. ಅದು ಕೆಟ್ಟದ್ದೇನಲ್ಲ, ಒಬ್ಬರೇ ಕಾಡುದಾರಿಯಲ್ಲಿ ಓಡಾಡುವವರಿಗೆ ಬೇಕಾದದ್ದೇ. ಗಾಡಿಯ ತುಂಬು ತೂಕದ ಒಂದೂವರೆ ಪಟ್ಟು ಎಳೆಯುವಂಥದ್ದು ಇರಬೇಕು. ಪೆಟ್ಟಿಗೆಯ ಮೇಲೆ ಬರೆದ 9,500 ಪೌಂಡು, ಅಂದರೆ ಸುಮಾರು 4,300 ಕೆ.ಜಿ., ಸಿಗುವುದು ಡ್ರಮ್ಮಿಗೆ ತಾಗಿದ ಮೊದಲ ಪದರದ ಹಗ್ಗದಲ್ಲಿ ಮಾತ್ರ. ಹೊರಗಿನ ಪದರಗಳಲ್ಲಿ ಎಳೆತ ಕಡಿಮೆ. ಹಾಗೆಂದು ಪೂರ್ತಿ ಬಿಚ್ಚಲೂ ಬಾರದು, ಉಕ್ಕಿನ ಹಗ್ಗವಾದರೆ ಕನಿಷ್ಠ 5 ಸುತ್ತು ಡ್ರಮ್ಮಿನಲ್ಲೇ ಉಳಿಯಬೇಕು. ಆಮೇಲೆ ಅದನ್ನು ಕಟ್ಟುವುದು ಯಾವುದಕ್ಕೆ? ತೋಟದಲ್ಲಿ ಕಣ್ಣಿಗೆ ಬೀಳುವ ಮೊದಲ ಮರ ಸಿಲ್ವರ್, ಅದರ ಮೈತುಂಬ ಮೆಣಸಿನ ಬಳ್ಳಿ. ಅಗಲದ ಪಟ್ಟಿ ಸುತ್ತದೆ ತಂತಿ ಕಟ್ಟಿದರೆ ಬಳ್ಳಿಯೂ ಹೋಯಿತು, ತೊಗಟೆಯೂ ಹೋಯಿತು. ಇನ್ನೊಂದು ಮಾತು: ವಿಂಚ್ ಕೂರಿಸಲು ಹಾಕಿಸುವ ದಪ್ಪ ಕಬ್ಬಿಣದ ಬಂಪರ್, ಬುಲ್ ಬಾರ್‌ಗಳ ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಗಾಡಿ ಚಿಕ್ಕಮಗಳೂರಿಗೂ ಹೋಗುವುದಾದರೆ ಅದನ್ನೂ ಯೋಚಿಸಿ.

ಇನ್ನು ನಿಮ್ಮ ಜೀವದ ಭಯಕ್ಕೆ. ಎಂಥ ದುಬಾರಿ ಸಾಮಾನಿದ್ದರೂ, ಎಳೆಯುವಾಗ ಯಾರು ಎಲ್ಲಿ ನಿಲ್ಲುತ್ತಾರೆ ಎಂಬುದೇ ಮುಖ್ಯ. ಹಗ್ಗದ ಸಾಲಿನಲ್ಲಿ, ಹಗ್ಗದ ಪಕ್ಕದಲ್ಲಿ ಯಾರೂ ಇರಕೂಡದು. ಹಗ್ಗದ ಉದ್ದದ ಒಂದೂವರೆ ಪಟ್ಟು ದೂರ, 9 ಮೀಟರಿನ ಪಟ್ಟಿಗೆ ಹದಿಮೂರು ಹದಿನಾಲ್ಕು ಮೀಟರ್. ತೋಟದಲ್ಲಿ ನಡೆಯುವುದು ಇದಕ್ಕೆ ಉಲ್ಟಾ: ಮುಂದೆ ಟ್ರ್ಯಾಕ್ಟರ್ ಜಗ್ಗುತ್ತದೆ, ಹಿಂದೆ ನಾಲ್ಕು ಆಳುಗಳು ತಳ್ಳುತ್ತಾರೆ, ಪಕ್ಕದಲ್ಲಿ ಮಕ್ಕಳು ನೋಡುತ್ತಾರೆ. ಎಳೆಯುತ್ತಿರುವಾಗ ಯಾರೂ ತಳ್ಳಬಾರದು. ಕೈಸನ್ನೆ ಕೊಡುವವರು ಒಬ್ಬರೇ ಇರಲಿ. ಹಗ್ಗದ ಮಧ್ಯಕ್ಕೆ ಒದ್ದೆ ಗೋಣಿಚೀಲವನ್ನೋ ಹಳೇ ಕಂಬಳಿಯನ್ನೋ ಹೊದೆಸಿದರೆ, ತುಂಡಾದರೂ ಹಾರುವ ರಭಸ ಸ್ವಲ್ಪ ತಗ್ಗುತ್ತದೆ. ನೆನೆದ ನೈಲಾನಿನ ಬಲ ಕುಗ್ಗುತ್ತದೆ, ಕೆಸರು ತೊಳೆದು ನೆರಳಲ್ಲಿ ಒಣಗಿಸಿ. ಅಂಚು ಹರಿದ ಪಟ್ಟಿಯನ್ನು ಮತ್ತೆ ಬಳಸಬೇಡಿ.

ಯಜಮಾನರಿಗೆ ಪೂರ್ತಿ ಬೇಡ ಎನ್ನಬೇಡಿ, ಅರ್ಧ ಪಟ್ಟಿಗೆ ಒಪ್ಪಿಗೆ ಕೊಡಿ: ಕೊಂಡಿ, ಶ್ಯಾಕಲ್, ಪಾಲಿಯೆಸ್ಟರ್ ಪಟ್ಟಿ, ಸಲಿಕೆ, ಕಂಪ್ರೆಸರ್, ಹಲಗೆ. ಮಳೆ ಹಿಡಿಯುವ ಮೊದಲೇ, ಒಣ ನೆಲದಲ್ಲಿ, ಮೈದುನನನ್ನೂ ಕರೆದು ಒಮ್ಮೆ ಕಟ್ಟಿ ಬಿಚ್ಚಿ ನೋಡಲಿ. ವಿಂಚ್ ಈ ವರ್ಷಕ್ಕೆ ಬೇಡ.